ನಡುಗಿದ ಗೆರೆ

"ತಂತಿ ಸಡಿಲ ಆಗಿದೆ," ಎಂದರು ಬಾಹ್ಯಾಕಾಶ ಸಂಶೋಧನಾ ಕೇಂದ್ರದ ನಿರ್ದೇಶಕರು, ಪರದೆಯ ಮೇಲೆ ನಡುಗುತ್ತಿದ್ದ ಗೆರೆಯನ್ನು ತೋರಿಸುತ್ತ. "ಸೆನ್ಸರ್‌ದೇ ದೋಷ ಅಂತ ವರದಿಯಲ್ಲಿ ಬರೆದಿದ್ದೀನಿ."

ಹಿಂದಿನ ಸಾಲಿನಲ್ಲಿದ್ದ ಸುರುಳಿಯಕ್ಕನಿಗೆ ಮೈ ಉರಿದುಹೋಯಿತು. ಸೂರ್ಯನಿಂದ ಬೀಸುವ ಕಣಗಳ ಗಾಳಿಯಲ್ಲಿ ಹಾರುತ್ತಿರುವ ನೌಕೆಯಲ್ಲಿ ಕಾಂತಕ್ಷೇತ್ರ ಅಳೆಯುವ ಆ ಸೆನ್ಸರ್‌ಗೆ ತಂತಿ ಸುತ್ತಿದವಳು ಅವಳೇ. ಆ ಹೆಸರು ಬಂದದ್ದೂ ಅದರಿಂದಲೇ. ಕೂದಲಿಗಿಂತ ತೆಳುವಾದ ತಂತಿ, ಎಣಿಸಿ ಎಣಿಸಿ ಕೈಯಲ್ಲೇ ಸುತ್ತಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತುವುದು ಅವಳ ಪದ್ಧತಿ. ಒಮ್ಮೆ ಇದೇ ನಿರ್ದೇಶಕರು "ಊಟ ಆಯ್ತಾ?" ಎಂದು ಕೇಳಿ ಎರಡು ದಿನದ ಕೆಲಸ ಕೆಡಿಸಿದ್ದರು. ಮುಂದಿನ ವಾರ ಅವಳ ನಿವೃತ್ತಿ. ಮೂವತ್ತು ವರ್ಷದ ಕೈಕೆಲಸಕ್ಕೆ ಈ ಹಣೆಪಟ್ಟಿ ಕಟ್ಟಿಸಿಕೊಂಡು ಹೋಗಲು ಅವಳು ಸಿದ್ಧಳಿರಲಿಲ್ಲ.

"ಕುಣಿಯೋಕೆ ಬಾರದೋರು ನೆಲ ಡೊಂಕು ಅಂದ್ರಂತೆ," ಎಂದು ಎದ್ದು ನಿಂತಳು. "ಸಡಿಲ ಆಗಿದ್ರೆ ಯಾವಾಗ್ಲೂ ನಡುಗ್ಬೇಕು ಸಾರ್. ಇದು ಒಂದ್ ಗಳಿಗೆ ನಡುಗುತ್ತೆ, ಒಂದ್ ಗಳಿಗೆ ಸುಮ್ನಿರುತ್ತೆ. ನಡುಗ್ತಿರೋದು ತಂತಿ ಅಲ್ಲ, ಅಲ್ಲಿನ ಕಾಂತಕ್ಷೇತ್ರ."

"ಗಾಳಿಯಲ್ಲೇ ಕಾಂತಕ್ಷೇತ್ರ ಕದಡಿದ್ರೆ ಕಣಗಳು ಬಿಸಿ ಆಗ್ಬೇಕಲ್ಲಕ್ಕ," ಎಂದಳು ಅಂಕಿಗಳನ್ನು ನೋಡಿಕೊಳ್ಳುವ ಸಂಶೋಧಕಿ, ಸಂಕೋಚದಿಂದ. "ಬಿಸಿ ಅಳೆಯೋ ಇನ್ನೊಂದು ಉಪಕರಣದಲ್ಲಿ ಏರಿಳಿತವೇ ಇಲ್ಲ."

"ಎಷ್ಟೊತ್ತಿಗೊಂದ್ಸಲದ ಲೆಕ್ಕ ಅದು?"

"ಗಂಟೆಗೊಂದು ಸರಾಸರಿ."

"ನನ್ನ ತಂತೀದು?"

"ಸೆಕೆಂಡಿಗೆ..." ಹುಡುಗಿಗೆ ಥಟ್ಟನೆ ಹೊಳೆಯಿತು: ಗಂಟೆಯ ಸರಾಸರಿಯಲ್ಲಿ ಸೆಕೆಂಡಿನ ಏರಿಳಿತ ಅಳಿಸಿಹೋಗಿರುತ್ತದೆ. ಕುರ್ಚಿ ಎಳೆದುಕೊಂಡು ಕೂತವಳು ಸರಾಸರಿಯನ್ನು ತೆಗೆದುಹಾಕಿ, ಬಿಸಿಯ ಅಂಕಿಗಳನ್ನೂ ಸೆಕೆಂಡಿನ ಲೆಕ್ಕದಲ್ಲೇ ಬಿಡಿಸತೊಡಗಿದಳು.

ಹತ್ತು ನಿಮಿಷದಲ್ಲಿ ಪರದೆಯ ಮೇಲೆ ಎರಡು ಗೆರೆಗಳು ಒಂದರ ಕೆಳಗೊಂದು ಬಂದವು. ಕಾಂತಕ್ಷೇತ್ರ ನಡುಗಿದಲ್ಲೆಲ್ಲ ಕಣಗಳ ಬಿಸಿ ಏರಿತ್ತು. ಅದು ಸುಮ್ಮನಾದಲ್ಲಿ ಇದೂ ಇಳಿದಿತ್ತು. ಹುಡುಗಿ ಮುಂದಿನ ದಿನದ್ದನ್ನು ತೆಗೆದಳು, ಅದರ ಮುಂದಿನದನ್ನೂ ತೆಗೆದಳು. ಎಲ್ಲ ಕಡೆಯೂ ಹಾಗೆಯೇ.

"ಸಡಿಲ ತಂತಿ ಕಣಗಳನ್ನ ಬಿಸಿ ಮಾಡೋಕಾಗಲ್ಲ," ಎಂದು ನಿರ್ದೇಶಕರು ಮೆಲ್ಲಗೆ ಒಪ್ಪಿಕೊಂಡರು.

ಸುರುಳಿಯಕ್ಕನ ಎದೆ ಹೆಮ್ಮೆಯಿಂದ ಉಬ್ಬಿತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಸೂರ್ಯನ ಗಾಳಿ ಕದಡುವುದನ್ನು ಅವಳು ಸುತ್ತಿದ ತಂತಿ ಇದ್ದದ್ದು ಇದ್ದಂತೆ ಹೇಳಿತ್ತು.

ನಿರ್ದೇಶಕರು ವರದಿಯನ್ನೂ ಪೆನ್ನನ್ನೂ ಅವಳತ್ತ ಸರಿಸಿದರು. "ಆ ಸಾಲು ನೀವೇ ಹೊಡೆದುಹಾಕಿ ಅಕ್ಕ."

"ನಾನ್ಯಾಕೆ ಹೊಡೀಲಿ ಸಾರ್? ಬರೆದೋರು ನೀವು."

ಅವರು ಬಗ್ಗಿ ಗೆರೆ ಎಳೆದರು. ಹಾಳೆ ಜರುಗಿ ಗೆರೆ ಸೊಟ್ಟಗಾಯಿತು. ಸುರುಳಿಯಕ್ಕ ಎರಡು ಬೆರಳಿನಿಂದ ಹಾಳೆಯ ಮೂಲೆಯನ್ನು ಅದುಮಿ ಹಿಡಿದಳು. ಅವರು ಮತ್ತೊಮ್ಮೆ ಎಳೆದರು.