ಬಣ್ಣವಿಲ್ಲದ ಮಣ್ಣು

ಗೌಂಡಿ ಮಲ್ಲಯ್ಯ ಹಾರೆಯಿಂದ ಮೀಟಿ ತೆಗೆದ ಹೆಂಟೆ ಅಚ್ಚ ನೀಲಿಯಾಗಿತ್ತು. ಅವನು ಅದನ್ನು ಅಂಗೈಯಲ್ಲಿ ಆಚೆ ಈಚೆ ತಿರುಗಿಸಿ ನೋಡಿ, ನಕ್ಕು, ಪಾಯದ ದಂಡೆಯ ಮೇಲೆ ನಿಂತಿದ್ದ ರತ್ನಾಬಾಯಿಯ ಮುಂದಿಟ್ಟ.

"ನೋಡ್ರಿ ಬಾಯಾರ, ನಿಮ್ಮ ಅಂಗಡ್ಯಾಗಿನ ಸೀರಿ ಎಲ್ಲಾ ಇಲ್ಲೇ ಹುಟ್ಟಿದ್ದು ಕಾಣಸ್ತೈತಿ."

ರತ್ನಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಗಂಡ ಚನ್ನವೀರಪ್ಪ ತೀರಿಕೊಂಡ ಮೇಲೆ ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿಯ ಗಾದಿಯ ಮೇಲೆ ಮೈದುನನ ಸರಿಸಮ ಕೂತು ವ್ಯಾಪಾರ ಮಾಡಿದವಳು ಅವಳು. ಗಿರಾಕಿ ಬಾಯಿ ಬಿಡುವ ಮೊದಲೇ ಆಕೆಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳಬಲ್ಲ ಕಣ್ಣು ಅವಳದು. ಇದು ನವಿಲುಗರಿಯ ನೀಲಿ. ಪಾಯದ ಗೋಡೆಯಲ್ಲಿ ಅದರ ಕೆಳಗೆ ಗುಲ್ಬಕ್ಷಿ ಹೂವಿನ ಬಣ್ಣದ ಒಂದು ಪಟ್ಟೆ, ಅದರ ಕೆಳಗೆ ಲಿಂಬೆಹಣ್ಣಿನ ಹಳದಿ, ಮತ್ತೂ ಕೆಳಗೆ ಅಂಜೂರಿ ಕೆಂಪು. ಕಪಾಟಿನಲ್ಲಿ ಮಡಿಸಿ ಒಂದರ ಮೇಲೊಂದು ಇಟ್ಟ ಸೀರೆಗಳ ಅಂಚಿನಂತೆ ನೆಲ ಪದರುಪದರಾಗಿ ಕಾಣುತ್ತಿತ್ತು. ಸುಮ್ಮನೆ ಒಮ್ಮೆ ಜಾಗ ನೋಡಿ ಹೋಗುತ್ತೇನೆಂದು ಟಾಂಗಾ ಮಾಡಿಕೊಂಡು ಬಂದವಳು ಬಿಸಿಲು ನೆತ್ತಿಗೆ ಬಂದರೂ ಅಲ್ಲಿಂದ ಕದಲಲಿಲ್ಲ.

ಅಕ್ಕಲಕೋಟದ ರಸ್ತೆಯಲ್ಲಿ, ನಾಲೆ ದಾಟಿದೊಡನೆ ಸಿಗುವ ಆ ಜಾಗ ಹಿಂದೆ ಗಿರಣಿಗಳ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಾಗಿತ್ತು. ಸೋಲಾಪುರದ ಗಿರಣಿಗಳು ಒಂದೊಂದಾಗಿ ಕುಂಟತೊಡಗಿದಾಗ ಇದಕ್ಕೂ ಕೆಲಸ ಬರಲಿಲ್ಲ. ಮಾಲಕ ಮುಂಬೈಗೆ ಹೋದ. ಮಾಡಿನ ತಗಡು ಮಂದಿಯ ಪಾಲಾಯಿತು. ಉಳಿದದ್ದು ಬರಿಗೋಡೆ, ಒಡೆದ ತೊಟ್ಟಿಗಳು, ಒಂದು ಬಾವಿ. ಸಾಯುತ್ತಿರುವ ಊರಿನಲ್ಲಿ ಯಾರಿಗೂ ಬೇಡವಾಗಿ ಬಿದ್ದ ಆ ನೆಲವನ್ನು ಕೊಳ್ಳೋಣವೆಂದು ಹಟ ಹಿಡಿದವನು ಮೈದುನ ಸಿದ್ದಣ್ಣ. "ಗಿರಣಿ ಹೋದ್ವು ಅಂತ ಊರ ಹೋಗ್ತೈತೇನ್ರಿ ವೈನಿ? ಮಂದಿಗಿ ಇರಾಕ ಮನಿ ಬೇಕಲ್ಲ?" ಎಂದಿದ್ದ. ಮನೆಗಳ ಒಂದು ಸಾಲು ಕಟ್ಟುವುದು, ತುದಿಯ ಮನೆಯಲ್ಲಿ ತಾನಿರುವುದು, ಉಳಿದವನ್ನು ಬೇರೆಯವರಿಗೆ ಕೊಡುವುದು. ಅಂಗಡಿ, ಆಸ್ತಿ ಎಲ್ಲ ಇಬ್ಬರ ಹೆಸರಿನಲ್ಲಿದ್ದುದರಿಂದ ರತ್ನಾಬಾಯಿಯೂ ಸಹಿ ಹಾಕಿದ್ದಳು.

ತುದಿಯ ಮನೆಯ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆಯಿದ್ದದ್ದು ಸಿದ್ದಣ್ಣನ ಹೆಂಡತಿ ಕಲ್ಯಾಣಮ್ಮನಿಗೆ. ಅಕ್ಕಲಕೋಟದ ಹೊಲಮನೆಯ ಒಕ್ಕಲುತನದ ದೊಡ್ಡ ಮನೆಯಲ್ಲಿ, ಅಂಗಳದಲ್ಲಿ ಓಡಿ ಬೆಳೆದವಳು. ನವಿ ಪೇಠದ ಮನೆಯೆಂದರೆ ಮುಂದೆ ಅಂಗಡಿ, ಹಿಂದೆ ಕತ್ತಲೆಯ ಅಡಿಗೆಮನೆ, ಮೇಲೆ ಎರಡು ಖೋಲಿ. ಒಲೆ ಒಂದೇ, ಅದರ ಮುಂದೆ ರತ್ನಾಬಾಯಿಯದೇ ಮಾತು. ಉಪ್ಪು ಎಷ್ಟು, ಎಣ್ಣೆ ಎಷ್ಟು, ಮಧ್ಯಾಹ್ನ ಏನು, ಎಲ್ಲ ಅವಳೇ ಹೇಳಬೇಕು. ಈಗ ಕಲ್ಯಾಣಮ್ಮ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋದವಳು ಕೂಸಿನೊಡನೆ ನೇರ ಹೊಸ ಮನೆಗೇ ಬರಬೇಕೆಂಬುದು ಅವಳ ಲೆಕ್ಕ.

"ನಿಮ್ಮ ತಂಗೀ ಅಡಿಗಿಮನಿ ಎಲ್ಲಿ ಬರ್ತೈತಿ ನೋಡ ಬರ್ರಿ" ಎಂದು ಸಿದ್ದಣ್ಣ ಅತ್ತಿಗೆಯನ್ನು ಬಾವಿಯ ಕಡೆಗೆ ಕರೆದೊಯ್ದ. ಅಲ್ಲಿ ಸುಣ್ಣದ ಗೆರೆ ಎಳೆದಿದ್ದರು. "ಆ ಕಡೆ ಎಲ್ಲಾ ಬಣ್ಣ ಕುಡದ ಮಣ್ಣು. ಇಲ್ಲಿ ನೋಡ್ರಿ, ಏಕದಂ ಸ್ವಚ್ಛ. ಅದಕ್ಕ ನಮ್ಮ ಮನಿ ಇಲ್ಲೇ ಅಂತ ಗುರ್ತ ಮಾಡೀನಿ."

ನಿಜ, ಅಲ್ಲಿನ ನೆಲ ಬೂದಿಯಂತೆ ಬಿಳಿಚಿಕೊಂಡು, ಮಟ್ಟಸವಾಗಿ, ಗುಡಿಸಿಟ್ಟ ಹಾಗೆ ಇತ್ತು. ರತ್ನಾಬಾಯಿ ನಾಲ್ಕು ಹೆಜ್ಜೆ ನಡೆದು ಹಿಂತಿರುಗಿ ನೋಡಿದಳು. ಒಡೆದ ತೊಟ್ಟಿಗಳ ನಡುವೆ, ಆ ನೀಲಿ ಕೆಂಪು ಮಣ್ಣಿನಲ್ಲಿ, ಎಕ್ಕೆಯ ಗಿಡಗಳು ಆಳೆತ್ತರ ಬೆಳೆದಿದ್ದವು. ಯಾರದೋ ಆಡು ಅಲ್ಲಿ ಹುಲ್ಲು ಹರಿಯುತ್ತಿತ್ತು. ಈ ಸ್ವಚ್ಛ ನೆಲದಲ್ಲಿ ಒಂದು ಗರಿಕೆಯ ಎಳೆಯೂ ಇರಲಿಲ್ಲ. ಅವಳು ಬಾವಿಗೆ ಬಗ್ಗಿ ನೋಡಿದಳು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲುಗಳು ಕೈಗೆ ಸಿಗುವಂತೆ ಕಾಣುತ್ತಿದ್ದವು. ಗೋಡೆಗೆ ಪಾಚಿಯಿಲ್ಲ. ಸಂದಿಯಲ್ಲಿ ಪಾರಿವಾಳವಿಲ್ಲ.

"ಸಿದ್ದಣ್ಣ, ಈ ಬಾವ್ಯಾಗ ಕಪ್ಪಿ ಯಾಕಿಲ್ಲ?"

"ಕಪ್ಪಿ ಇಲ್ಲಂದ್ರ ಚಲೋ ಆತಲ್ಲರಿ ವೈನಿ! ವಟಾ ವಟಾ ಅನ್ನೂದು ತಪ್ಪತು" ಎಂದು ಅವನು ನಕ್ಕ.

ಮಲ್ಲಯ್ಯನೂ ನಕ್ಕ. ರತ್ನಾಬಾಯಿಗೆ ನಗು ಬರಲಿಲ್ಲ, ಹೆದರಿಕೆಯೂ ಬರಲಿಲ್ಲ. ಏನಿರಬಹುದು ಎಂಬ ಒಂದು ತುರಿಕೆ ಮಾತ್ರ ತಲೆಯೊಳಗೆ ಹತ್ತಿಕೊಂಡಿತು. ಅವಳ ತವರು ಕಂದಲಗಾಂವ. ಹೊಲ ಎಂಥದೆಂದು ತಿಳಿಯಬೇಕಾದರೆ ಅಪ್ಪ ಏನು ಮಾಡುತ್ತಿದ್ದನೆಂಬುದು ಅವಳಿಗೆ ನೆನಪಿತ್ತು. ಮರಳುವಾಗ ಎರಡು ಡಾಲ್ಡಾ ಡಬ್ಬಿಗಳಲ್ಲಿ ಮಣ್ಣು ತುಂಬಿಸಿಕೊಂಡಳು. ಒಂದರಲ್ಲಿ ನೀಲಿಯದು, ಇನ್ನೊಂದರಲ್ಲಿ ಅಡಿಗೆಮನೆಯ ಜಾಗದ್ದು. ಮಾಳಿಗೆಯ ಮೇಲೆ ಇಟ್ಟು ಎರಡರಲ್ಲೂ ಮೆಂತ್ಯ ಚೆಲ್ಲಿ ನೀರು ಹಾಕಿದಳು.

ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಾಳಿಗೆ ಹತ್ತುವುದು ಅವಳಿಗೆ ರೂಢಿಯಾಯಿತು. ನೀಲಿ ಮಣ್ಣು ಗುಲ್ಲೆಬ್ಬಿಸಿತು. ಮೊಳಕೆ ಕಾಳನ್ನು ತಲೆಯ ಮೇಲೆ ಹೊತ್ತುಕೊಂಡೇ ಮೇಲೆದ್ದಿತು, ಎಲೆ ಬಿಚ್ಚಿತು. ಬೂದಿ ಮಣ್ಣು ಮಾತ್ರ ಸುಮ್ಮನಿತ್ತು. ಅವಳು ಬೆರಳಿನಿಂದ ಕೆದರಿ ನೋಡಿದಳು. ಕಾಳು ಕಪ್ಪಾಗಿ, ಒತ್ತಿದರೆ ಪುಡಿಯಾಗುವಂತಿತ್ತು. ಬಣ್ಣವನ್ನು ಕಂಡು ಎಲ್ಲರೂ ಅನುಮಾನಪಟ್ಟರು, ಬಣ್ಣವಿಲ್ಲದ್ದನ್ನು ಯಾರೂ ಕೇಳಲಿಲ್ಲ. ಬಣ್ಣ ಹಿಡಿಯಲೆಂದು ನೂಲಿಗೆ ಹಾಕುವ ಮದ್ದು, ಬಣ್ಣ ಕೀಳುವ ಮದ್ದು, ಆಸಿಡ್ಡು, ಅದೇನೇನು ವರ್ಷಗಟ್ಟಲೆ ಆ ಮೂಲೆಯಲ್ಲಿ ಸುರಿದಿದ್ದರೋ.

ರಾತ್ರಿ ಊಟಕ್ಕೆ ಕೂತಾಗ ಅವಳು ಎರಡೂ ಡಬ್ಬಿಗಳನ್ನು ತಂದು ಗಂಡಹೆಂಡಿರ ಮುಂದಿಟ್ಟಳು. ಹೇಳಬೇಕಾದದ್ದನ್ನು ಹೇಳಿದಳು. ಸಿದ್ದಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಕಲ್ಯಾಣಮ್ಮ ಡಬ್ಬಿಯನ್ನು ನೋಡಿದಳು, ರತ್ನಾಬಾಯಿಯ ಮುಖ ನೋಡಿದಳು.

"ಅಕ್ಕಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಡಬ್ಬಿಗಿ ನೀವು ಬಿಸಿನೀರ ಹಾಕಿಲ್ಲಂತ ನಾ ಹೆಂಗ ನಂಬಲಿ?"

"ಏ ಕಲ್ಯಾಣೀ!" ಎಂದು ಸಿದ್ದಣ್ಣ ಗದರಿದ. ಆದರೆ ಅವನು ಅತ್ತಿಗೆಯತ್ತ ಕಣ್ಣೆತ್ತಲಿಲ್ಲ. ಅದೇ ಮಾತು ಅವನ ಮನಸ್ಸಿನಲ್ಲೂ ಸುಳಿದುಹೋಗಿದೆಯೆಂದು ರತ್ನಾಬಾಯಿಗೆ ತಿಳಿಯಿತು.

"ನಾವು ಬ್ಯಾರೆ ಆಗೂದು ನಿಮಗ ಬೇಕಾಗಿಲ್ಲ. ಖರೇ ಹೇಳ್ರಿ" ಎಂದಳು ಕಲ್ಯಾಣಮ್ಮ.

ರತ್ನಾಬಾಯಿ ಡಬ್ಬಿಯ ಬೂದಿ ಮಣ್ಣನ್ನು ನೋಡಿದಳು. ಅವಳು ಬಿಸಿನೀರು ಹಾಕಿರಲಿಲ್ಲ. ಆದರೆ ಬೂದಿ ಮಣ್ಣು ಬೋಳಾಗಿಯೇ ಉಳಿದದ್ದನ್ನು ಕಂಡ ಬೆಳಿಗ್ಗೆ ಎದೆಯಲ್ಲಿ ಎದ್ದದ್ದು ಬರೀ ಅಚ್ಚರಿಯಾಗಿತ್ತೇ? ಅದರ ಬೆನ್ನಿಗೇ ಒಂದು ಹಗುರ, ಒಂದು ಸಮಾಧಾನ ಬಂದಿತ್ತಲ್ಲ? ಮಕ್ಕಳಿಲ್ಲದ ತನಗೆ, ಇವರಿಬ್ಬರೂ ಹೋದರೆ, ಈ ಒಲೆಯ ಮುಂದೆ ಯಾರಿಗೆಂದು ಕೂಡಬೇಕು? ಮಣ್ಣು ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ತನಗೆ ಹಿತವಾದದ್ದೂ ಸುಳ್ಳಲ್ಲ. ಅವಳು ಡಬ್ಬಿಗಳನ್ನು ಬದಿಗೆ ಸರಿಸಿದಳು.

"ನನ್ನ ನಂಬಬ್ಯಾಡ. ನಿನ್ನ ಕೈಲೆ ಬಿತ್ತಿ ನೋಡು. ನನ್ನ ನೆರಳ ಬೀಳದ ಜಾಗಾದಾಗ ಬಿತ್ತಿ ನೋಡು."

ಸೀಮಂತದ ಕುಬಸ ಮುಗಿಸಿ ತವರಿಗೆ ಹೊರಟ ಕಲ್ಯಾಣಮ್ಮನ ಟ್ರಂಕು ಹೊರಲಾರದಷ್ಟು ಭಾರವಾಗಿತ್ತು. ಸುಣ್ಣದ ಗೆರೆಯೊಳಗಿನ ಮಣ್ಣನ್ನು ಸಿದ್ದಣ್ಣನಿಂದಲೇ ತರಿಸಿ, ಚೀಲ ಕಟ್ಟಿ, ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಳು. ರತ್ನಾಬಾಯಿ ಅದನ್ನು ಕಂಡೂ ಕಾಣದಂತೆ ಅವಳಿಗೆ ಉಡಿ ತುಂಬಿ ಬಸ್ಸು ಹತ್ತಿಸಿದಳು.

ಮಳೆ ಸುರುವಾಯಿತು. ಕೆಲಸ ನಿಂತಿತು. ನಿಂತದ್ದಕ್ಕೆ ಮಳೆಯೊಂದೇ ಕಾರಣವಲ್ಲ, ಮಲ್ಲಯ್ಯನ ಆಳುಗಳ ಅಂಗಾಲು ಬಿರಿದು ಹುಣ್ಣಾಗಿ ಅವರು ಬರಲು ಒಲ್ಲೆವೆಂದಿದ್ದರು. ರತ್ನಾಬಾಯಿ ಆಗಾಗ ಕೊಡೆ ಹಿಡಿದು ಹೋಗಿ ಪಾಯಗಳನ್ನು ನೋಡಿ ಬರುತ್ತಿದ್ದಳು. ಒಂದೊಂದು ಗುಂಡಿಯ ನೀರಿಗೆ ಒಂದೊಂದು ಬಣ್ಣ. ಸಂಜೆಯ ಬಿಸಿಲು ಬಿದ್ದಾಗ ಅದನ್ನು ನೋಡುತ್ತ ನಿಲ್ಲಬೇಕೆನ್ನಿಸುತ್ತಿತ್ತು. ಬಾವಿಯ ಪಕ್ಕದ ಗುಂಡಿಯ ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ಅಕ್ಕಲಕೋಟದಲ್ಲಿ ಏನಾಗಿರಬಹುದು? ಕೇಳೋಣವೆಂದರೆ ಬಾಯಿ ಏಳುತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿಬರುತ್ತಿದ್ದ ಸಿದ್ದಣ್ಣನೂ ಆ ಮಾತೆತ್ತುತ್ತಿರಲಿಲ್ಲ. ಹೆಣ್ಣು ಕೂಸು ಹುಟ್ಟಿತೆಂಬ ಸುದ್ದಿ ಬಂದ ದಿನ ಅವಳು ಅಂಗಡಿಯಲ್ಲಿ ಪೇಢೆ ಹಂಚಿದಳು. ಆ ಸಂತೋಷದ ನಡುವೆಯೂ ಚೀಲದ ಮಣ್ಣು ನೆನಪಿಗೆ ಬಂತು.

ತೊಟ್ಟಿಲ ಕಾರ್ಯಕ್ಕೆ ಸಿದ್ದಣ್ಣನೊಡನೆ ಅಕ್ಕಲಕೋಟಕ್ಕೆ ಹೋದಳು. ಕಲ್ಯಾಣಮ್ಮನ ತಾಯಿ ಗುರುಬಾಯಿ ಬೀಗಿತಿಯನ್ನು ಮುಂದೆ ಕೂಡಿಸಿ ಉಪಚರಿಸಿದಳು. ಕೂಸಿಗೆ ನೀಲಗಂಗಾ ಎಂದು ಹೆಸರಿಟ್ಟರು. ಮಂದಿ ಊಟಕ್ಕೆ ಎದ್ದಾಗ ಕಲ್ಯಾಣಮ್ಮ ಕೂಸನ್ನು ಗುರುಬಾಯಿಯ ಕೈಗೆ ಕೊಟ್ಟು, "ಅಕ್ಕಾರ, ಹಿತ್ತಲಕ ಬರ್ರಿ" ಎಂದಳು.

ದನದ ಕೊಟ್ಟಿಗೆಯ ಗೋಡೆಗುಂಟ ಮಣ್ಣಿನ ಕುಡಿಕೆಗಳು ಸಾಲಾಗಿದ್ದವು.

"ಮೊದಲ ಮೆಂತೆ ಹಾಕಿದೆ. ಏಳಲಿಲ್ಲ. ಬೀಜ ಹಳೇವು ಇರಬೇಕಂತ ಜ್ವಾಳ ಹಾಕಿದೆ. ಅದೂ ಇಲ್ಲ. ಹುರಳಿ ಹಾಕಿದೆ. ಆಮ್ಯಾಲ ನಮ್ಮ ಹೊಲದ ಎರಿ ಮಣ್ಣ ಅರ್ಧ ಕೂಡಿಸಿ ಹಾಕಿದೆ. ಅದರಾಗ ಎದ್ದವು ನೋಡ್ರಿ." ಕೊನೆಯ ಕುಡಿಕೆಯಲ್ಲಿ ಹಳದಿ ತಿರುಗಿದ ಮೂರೆಳೆ ಸಸಿಗಳು ಮಣ್ಣಿಗೆ ಒರಗಿ ಬಿದ್ದಿದ್ದವು. "ಅವ್ವಗ ಹೇಳಿಲ್ಲ. ಗುಲಾಬಿ ಗಿಡಕ್ಕ ಹಾಕೂ ಮಣ್ಣು ಅಂದೀನಿ. ದಿನಾ ಎದ್ದ ಕೂಡ್ಲೆ ಇಲ್ಲೇ ಬರ್ತಿದ್ದೆ. ನಿಮ್ಮ ಮಾತ ಸುಳ್ಳಾಗಲಿ ಅಂತ ದೇವರಿಗಿ ಕೈ ಮುಗದೀನಿ, ಅಕ್ಕಾರ."

"ನಾನೂ ಮುಗದೀನಿ" ಎಂದಳು ರತ್ನಾಬಾಯಿ.

"ಏನಂತರಿ?"

"ಖರೇ ಆಗಲಿ ಅಂತ."

ಕಲ್ಯಾಣಮ್ಮ ಅವಳನ್ನು ದಿಟ್ಟಿಸಿದಳು. ಸಿಟ್ಟು ಬರುತ್ತದೆಂದು ರತ್ನಾಬಾಯಿ ಕಾದಳು. ಕಲ್ಯಾಣಮ್ಮ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಸಿದು ಕೂತು, ಮೊದಲು ಅತ್ತಳು, ಆಮೇಲೆ ಅಳುತ್ತಲೇ ನಕ್ಕಳು. "ಹಂಗಾದ್ರ ನೀವ ಗೆದ್ರಿ ಬಿಡ್ರಿ."

"ನಾ ಗೆದ್ದಿಲ್ಲ ತಂಗಿ. ಆ ನೆಲ ಸೋತೈತಿ."

ಸಂಜೆ ಸಿದ್ದಣ್ಣನಿಗೆ ಹೇಳಿದವಳು ಕಲ್ಯಾಣಮ್ಮನೇ. "ಆ ಜಾಗಾದಾಗ ನಾ ಒಲಿ ಹಚ್ಚಂಗಿಲ್ಲ" ಎಂದಳು. ಸಿದ್ದಣ್ಣ ಕುಡಿಕೆಗಳನ್ನು ಒಂದೊಂದಾಗಿ ಎತ್ತಿ, ಮೂಸಿ, ಕೆಳಗಿಟ್ಟ. ಒಂದು ವರ್ಷದ ಅವನ ಓಡಾಟ, ಊರ ಮುಂದೆ ಆಡಿದ ಮಾತು, ಎಲ್ಲ ಆ ಕುಡಿಕೆಗಳಲ್ಲಿತ್ತು.

"ಮಾರಿಬಿಡೂನು" ಎಂದ ಕೊನೆಗೆ. "ಕೊಳ್ಳವ್ರು ಅದಾರ. ಮನಿ ಅವರ ಕಟ್ಟಿಕೊಳ್ಳಲಿ."

ಒಳಗಿನಿಂದ ಕೂಸು ಅತ್ತಿತು. ಕಲ್ಯಾಣಮ್ಮ ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದು ಗಂಡನ ಎದುರು ನಿಂತಳು.

"ಅವರ ಮನ್ಯಾಗ ತೊಟ್ಟಲಾ ಇರೂದಿಲ್ಲೇನ್ರಿ?"

ಸಿದ್ದಣ್ಣ ತಲೆ ತಗ್ಗಿಸಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಮತ್ತೇನ ಮಾಡೂದ್ರಿ ವೈನಿ ಆ ನೆಲಾ?" ಎಂದು ಕೇಳಿದ. ಆ ಜಾಗ ಕೊಂಡ ಮೇಲೆ ಅವನು ನಿಜವಾಗಿ ಕೇಳಿದ ಮೊದಲ ಪ್ರಶ್ನೆ ಅದು. ಉಣ್ಣದ, ಕುಡಿಯದ, ಮಲಗದ ವಸ್ತು ಯಾವುದಿದೆಯೋ ಅದನ್ನು ಇಡಬಹುದು ಎಂದಳು ರತ್ನಾಬಾಯಿ.

ದೀಪಾವಳಿಯ ಹೊತ್ತಿಗೆ ಮಲ್ಲಯ್ಯ ಆಳುಗಳಿಗೆ ಕಾಲಿಗೆ ಬೂಟು ಹಾಕಿಸಿ ಕೆಲಸ ಸುರು ಮಾಡಿದ. ತೊಟ್ಟಿಗಳನ್ನು ಮುಚ್ಚಿ, ನೆಲದ ಮೇಲೆ ದಪ್ಪ ಗಚ್ಚು ಹಾಕಿ, ಚಾದರಿನ ಮೂಟೆಗಳನ್ನು ಇಡುವ ಗೋದಾಮು ಕಟ್ಟಿದರು. ಬಾವಿಯ ಮೇಲೆ ಶಹಾಬಾದಿನ ಕಲ್ಲು ಹಾಸಿ ಸಂದಿಗೆ ಸಿಮೆಂಟು ಬಳಿದರು. ಬಾವಿಯ ನೀರು ನೆಲದ ಒಳಗೊಳಗೇ ಎಲ್ಲಿಗೆ ಹೋಗುತ್ತದೆ, ನಾಲೆಗೋ, ಮುಂದಿನ ಹೊಲಗಳಿಗೋ ಎಂದು ರತ್ನಾಬಾಯಿ ಕೇಳಿದಳು. ಮಲ್ಲಯ್ಯ ತಲೆ ಕೆರೆದುಕೊಂಡ. ಮುಂದೆ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಅವಳು ಟಾಂಗಾದಿಂದ ಬಗ್ಗಿ ನಾಲೆಯ ದಂಡೆಯ ಹುಲ್ಲನ್ನು ನೋಡುತ್ತಿದ್ದಳು.

ಅದೇ ಮಲ್ಲಯ್ಯನನ್ನು ಅವಳು ನವಿ ಪೇಠದ ಮನೆಗೂ ಕರೆಸಿದ್ದಳು. ಮೇಲಿನ ಖೋಲಿಯ ಗೋಡೆ ಒಡೆಸಿ ಕಿಟಕಿ ಇಡಿಸಿದಳು, ಒಲೆಗೆ ಕಟ್ಟೆ ಕಟ್ಟಿಸಿದಳು, ಹೊಗೆ ಹೋಗಲು ದಾರಿ ಬಿಡಿಸಿದಳು. ಕಲ್ಯಾಣಮ್ಮ ಕೂಸಿನೊಡನೆ ಬಂದ ದಿನ ರತ್ನಾಬಾಯಿ ಅವಳನ್ನು ಮೇಲೆ ಕರೆದೊಯ್ದು, ಬಾಗಿಲಲ್ಲೇ ನಿಂತು, "ಒಳಗ ಹೋಗು. ನಾ ಬರಂಗಿಲ್ಲ" ಎಂದು ಹೇಳಿ ಇಳಿದು ಬಂದಳು.

ಮರುದಿನ ಮಧ್ಯಾಹ್ನ ಅಂಗಡಿಯ ಕದ ಎಳೆದುಕೊಂಡು ಒಳಗೆ ಬಂದಾಗ ಮೇಲೆ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ಏನೋ ಚಟಪಟ ಸಿಡಿಯಿತು. ಸಾಸಿವೆ. ಆಮೇಲೆ ಬೆಳ್ಳುಳ್ಳಿಯ ವಾಸನೆ ಮೆಟ್ಟಿಲಿಳಿದು ಬಂತು. ಅದರ ಹಿಂದೆಯೇ ಇನ್ನೊಂದು, ಹುಳಿಯಾದದ್ದು, ಯಾವ ಸೊಪ್ಪೆಂದು ಅವಳಿಗೆ ಗುರುತು ಹತ್ತಲಿಲ್ಲ. ಅಕ್ಕಲಕೋಟದ ಕಡೆಯ ಯಾವುದೋ ಅಡಿಗೆ ಇರಬೇಕು. ಎಷ್ಟು ಉಪ್ಪು ಹಾಕಿದಳೋ. ರತ್ನಾಬಾಯಿಯ ಕಾಲು ತಾನಾಗಿಯೇ ಮೊದಲ ಮೆಟ್ಟಿಲು ಏರಿತು. ಅವಳು ತಡೆದಳು. ಸೆರಗಿನಿಂದ ಮೆಟ್ಟಿಲ ಧೂಳು ಒರೆಸಿ ಅಲ್ಲಿಯೇ ಕೂತು, ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ ಮತ್ತೊಮ್ಮೆ ಉಸಿರೆಳೆದುಕೊಂಡಳು.