ಚಪ್ಪಾಳೆ ಬೀಳದಂತೆ ಕಥೆ ಹೇಳುವುದು

ಎರಡು ಅಂಗೈಗಳು ಒಂದಕ್ಕೊಂದು ತಗಲುವ ವಿಷಯವು ಅಕ್ರಾ ನಗರದಲ್ಲಿ ಬಂದರು, ಬಂಗಾರ, ಚುನಾವಣೆಗಳಿಗಿಂತ ಗಹನವಾದದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಬಿತ್ತನೆಯಾದ ಮೇಲೆ, ಸುಗ್ಗಿಯ ಹೋಮೊವೊ ಹಬ್ಬಕ್ಕೆ ಮುನ್ನ, ನಮ್ಮ ಗಾ ಜನರ ಕೇರಿಗಳಲ್ಲಿ ಒಂದು ತಿಂಗಳು ಸದ್ದು ನಿಷೇಧ. ಡೋಲು ಇಲ್ಲ, ಮೈಕು ಇಲ್ಲ, ಸತ್ತವರಿಗಾಗಿ ಅಳುವವರೂ ಬಾಯಿಗೆ ಬಟ್ಟೆ ಒತ್ತಿಕೊಂಡು ಅಳಬೇಕು. ಚಪ್ಪಾಳೆಯಂತೂ ಸಲ್ಲದು. ದೇವರುಗಳು ಬೆಳೆಯ ಮೇಲೆ ಗಮನವಿಟ್ಟು ಕೂತಿರುತ್ತಾರೆ. ಅವರನ್ನು ಬೆಚ್ಚಿಬೀಳಿಸಿದರೆ ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಹೆದರಿಕೆ ಜಾಸ್ತಿ.

ಊರಿನವರಲ್ಲದವರಿಗೆ ನಮ್ಮ ಕೇರಿ ಜೇಮ್ಸ್ ಟೌನಿನ ಹಳೆಯ ಗಲ್ಲಿಗಳನ್ನು ಸುತ್ತಿಸಿ ತೋರಿಸುವುದು ನನ್ನ ತಮ್ಮ ಓಕಾಯ್‌ನ ಕಸುಬು. ಹಿಂದೆ ಬಿದ್ದವರನ್ನು ಅಟ್ಟಿಕೊಂಡು ಬರುವುದು ನನ್ನದು. ಅವನ ದುರದೃಷ್ಟ, ಕಥೆ ಚೆನ್ನಾಗಿ ಹೇಳುತ್ತಾನೆ. ಹೋದ ವರ್ಷ ನಿಷೇಧದ ತಿಂಗಳಲ್ಲೇ ದೀಪಸ್ತಂಭದ ಬುಡದಲ್ಲಿ ಅವನ ಮಾತಿಗೆ ಜನ ಚಪ್ಪಾಳೆ ತಟ್ಟಿದ್ದರು. ಪೂಜಾರಿಯ ಮನೆಯ ಹಿರಿಯ ನೊರ್ಟೆ ಅವನನ್ನು ಕರೆಸಿದ್ದರು. ಹಿರಿಯರಾದ್ದರಿಂದ ಅವರು ನಮಗೆಲ್ಲ ಆತಾ, ಅಂದರೆ ಅಪ್ಪ. "ಇನ್ನೊಂದ್ಸಲ ನಿನ್ನ ಗುಂಪಿಂದ ಸದ್ದು ಬಂತೋ, ಈ ಗಲ್ಲಿಗಳು ನಿನ್ನ ಪಾಲಿಗಿಲ್ಲ," ಎಂದಿದ್ದರು. ಗಲ್ಲಿ ಬಿಟ್ಟರೆ ಓಕಾಯ್‌ಗೆ ಉಳಿಯುವುದು ನಮ್ಮ ಹೆತ್ತಪ್ಪನ ಮೀನು ದೋಣಿ. ದೋಣಿ ಹತ್ತಿದರೆ ಅವನಿಗೆ ವಾಂತಿ.

ಈ ಸಲ ಬಂದವರು ಕುಮಾಸಿ ಊರಿನ ಚರ್ಚೊಂದರ ಹಾಡುಗಾರ್ತಿಯರು. ಕೈ ಖಾಲಿಯಿದ್ದರೆ ತಟ್ಟುವ ಪೈಕಿ. ನಿಷೇಧದ ವಿಷಯ ತಿಳಿಸಿದಾಗ ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದರು. ತಲೆಯ ಮೇಲೆ ನನಗೆ ನಂಬಿಕೆಯಿತ್ತು, ಕೈಗಳ ಮೇಲೆ ಇರಲಿಲ್ಲ.

"ಅಕ್ಕಾ, ಇವ್ರ ಕೈಗೆ ಏನಾದ್ರೂ ಕೊಡೇ," ಎಂದ ಓಕಾಯ್, ಬೆವರುತ್ತಾ.

ಎಲ್ಲರ ಒಂದು ಕೈಗೆ ಮೆಕ್ಕೆಜೋಳದ ಹಿಟ್ಟಿನ ಬಿಸಿ ಕೆಂಕೆ ಉಂಡೆ, ಇನ್ನೊಂದಕ್ಕೆ ಕರಿದ ಮೀನು ಕೊಟ್ಟೆ. "ನೀನೂ ಸಪ್ಪೆಯಾಗಿ ಹೇಳು. ಹವಾಮಾನ ವರದಿ ಓದೋರ ಥರ."

"ಇದು ದೀಪಸ್ತಂಭ," ಎಂದ ಓಕಾಯ್. "ಎತ್ತರ ಇದೆ. ಹಡಗಿನವ್ರಿಗೆ ಕಾಣುತ್ತೆ."

"ಅಷ್ಟೇನಾ ಮಗಾ?" ಎಂದರು ಗುಂಪಿನ ಹಿರಿಯಾಕೆ ಅಫ್ರಿಯೆ. "ನಮ್ಮ ಪಾದ್ರಿಗಳ ಮಾತೇ ಒಣಕಲು ಅಂದ್ಕೊಂಡಿದ್ದೆ!"

ಗುಂಪಿಗೆ ನಗು ಬಂತು. ಆ ನಗುವಿಗೂ ಓಕಾಯ್ ಗಲ್ಲಿಯ ತಿರುವಿನತ್ತ ನೋಡಿದ. ಅಲ್ಲಿ ನಿಷೇಧ ಕಾಯುವವರು ಕೋಲು ಹಿಡಿದು ಕೂತಿದ್ದರು. ಅವರ ನಡುವಿನಿಂದ ಆತಾ ನೊರ್ಟೆ ಎದ್ದುಬಂದರು.

"ಹೇಳು ಹೇಳು, ನಾನೂ ಕೇಳ್ತೀನಿ," ಎಂದು ನಮ್ಮ ಹಿಂದೆಯೇ ನಡೆದರು.

ಬುಕೋಮ್ ಕೇರಿಯ ಬಾಕ್ಸಿಂಗ್ ಹುಡುಗರು ಹಾಡಿಲ್ಲದೆ ಹಗ್ಗ ಜಿಗಿಯುತ್ತಿದ್ದರು. ಮುಷ್ಟಿಯೇಟಿಗೆ ಮರಳಿನ ಚೀಲವೊಂದೇ ನರಳುತ್ತಿತ್ತು. ಓಕಾಯ್ ಅದನ್ನೂ ಒಂದೇ ಸಾಲಿನಲ್ಲಿ ಮುಗಿಸಿದ. ಬೆನ್ನ ಹಿಂದೆ ಆತಾ ಅವರ ಊರುಗೋಲು ಟಕ್, ಟಕ್ ಎನ್ನುತ್ತಿತ್ತು. ಅದು ಸದ್ದಿನ ಲೆಕ್ಕಕ್ಕೆ ಬರುವುದಿಲ್ಲವಂತೆ.

ಕೋಟೆಯ ಬಾಗಿಲು ಮುಟ್ಟುವಷ್ಟರಲ್ಲಿ ಕೆಂಕೆಯೂ ಮೀನೂ ಖಾಲಿಯಾಗಿದ್ದವು.

"ಗುಲಾಮರಾಗಿ ಹಡಗಿಗೆ ಹತ್ತಿಸೋ ಮುಂಚೆ ಇಲ್ಲಿ ಜನರನ್ನ ಕೂಡಿಹಾಕ್ತಿದ್ರು," ಎಂದು ಓಕಾಯ್ ಸಪ್ಪೆಯಾಗಿಯೇ ಶುರುಮಾಡಿದ. ಗೋಡೆ ಮುಟ್ಟಿದ. ಅಲ್ಲಿಗೆ ಕೆಟ್ಟಿತು.

"ನಮ್ಮ ಮನೆ ಹುಡುಗಿ ಅಡಾಕು, ಉಪ್ಪು ತರೋಕೆ ಹೋದೋಳು ಈ ಬಾಗಿಲಿಂದ ಒಳಗೆ ಹೋದ್ಳು. ಅವಳ ತಾಯಿ ದಿನಾ ಒರಳು ಹೊತ್ಕೊಂಡು ಬಂದು ಈ ಗೋಡೆ ಹೊರಗೆ ಕುಟ್ಟೋಳು. ಮನೆ ಒನಕೆ ಸದ್ದು ಮಗಳಿಗೆ ಗುರುತು ಸಿಗಲಿ ಅಂತ. ಒಳಗಿಂದ ಮಗಳು ಗೋಡೆ ಬಡಿಯೋಳು. ಆಮೇಲೆ ಈ ತಿಂಗಳು ಬಂತು. ಕುಟ್ಟೋ ಹಾಗಿಲ್ಲ. ತಾಯಿ ಸುಮ್ನೆ ಬಂದು ಕೂತು ಹೋಗೋಳು. ನಿಷೇಧ ಮುಗಿದ ದಿನ ಬೆಳಗ್ಗೆ ಬಂದು ಕುಟ್ಟಿದ್ಳು. ಸಂಜೆವರೆಗೂ ಕುಟ್ಟಿದ್ಳು. ಗೋಡೆ ಬಡಿಯೋರು ಯಾರೂ ಇರ್ಲಿಲ್ಲ."

ಅಫ್ರಿಯೆಯ ಕೈಗಳು ಮೇಲೇಳುತ್ತಿದ್ದವು. ನಾನು ಹಾರಿ ಮಣಿಕಟ್ಟು ಹಿಡಿದೆ. ಉಸಿರು ಬಿಡುವಷ್ಟರಲ್ಲಿ ಚಪ್ಪಾಳೆ ಕೇಳಿಸಿತು.

ಒಂದೇ ಒಂದು. ಹಿಂದಿನಿಂದ.

ಆತಾ ನೊರ್ಟೆ ಕೂಡಿದ ತಮ್ಮ ಅಂಗೈಗಳನ್ನು ಪರರ ಸೊತ್ತೆಂಬಂತೆ ನೋಡುತ್ತಾ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಊರುಗೋಲು ನೆಲದಲ್ಲಿ ಬಿದ್ದಿತ್ತು.

ಕೋಲಿನವರು ಓಡಿಬಂದರು. "ಯಾರೋ ಅದು?"

ಆತಾ ಕೈಗಳನ್ನು ಮೈಹೊದಿಕೆಯೊಳಗೆ ಎಳೆದುಕೊಂಡರು. ಹೊರಗಿನವರೆದುರು ಹಿರಿಯನ ಮರ್ಯಾದೆ ತೆಗೆಯುವುದು ನಮ್ಮಲ್ಲಿ ಇಲ್ಲ. ಚಪ್ಪಾಳೆಯ ದೋಷವನ್ನಾದರೂ ಟಗರು ಬಲಿಕೊಟ್ಟು ತೊಳೆಯಬಹುದು, ಆ ಅವಮಾನವನ್ನು ತೊಳೆಯಲಾಗುವುದಿಲ್ಲ.

"ಆ ಮುದುಕಪ್ಪ..." ಎಂದು ಅಫ್ರಿಯೆ ಬಾಯಿ ತೆರೆದರು. ಇನ್ನೂ ಹಿಡಿದೇ ಇದ್ದ ಮಣಿಕಟ್ಟನ್ನು ಹಿಂಡಿದೆ. "ಬೇಡಮ್ಮಾ."

ಓಕಾಯ್ ಆತಾ ಅವರನ್ನು ನೋಡಿದ. ಆತಾ ಗೋಡೆಯನ್ನು ನೋಡಿದರು.

"ನಾನೇ," ಎಂದ ಓಕಾಯ್. "ಕಥೆ ಹೇಳ್ತಾ ಮೈಮರೆತುಬಿಟ್ಟೆ."

ಆತಾ ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಬಗ್ಗಿ ಊರುಗೋಲು ಎತ್ತಿಕೊಂಡರು.

ಮಾರನೆಯ ದಿನ ಹಿರಿಯರು ಸೇರಿ ಓಕಾಯ್‌ಗೆ ಗಲ್ಲಿಗಳನ್ನು ಮುಚ್ಚಿದರು. ತೀರ್ಪು ಹೇಳಿದವರು ಆತಾ ನೊರ್ಟೆ.