ಗಣಿಹೊಲದ ಸೊಪ್ಪು

ಚಿನ್ನ ಸಿಗುತ್ತದೆಂದು ಕೆಂಚಾರ್ಲಹಳ್ಳಿ ಕಡೆಯ ಆ ಗುಡ್ಡವನ್ನು ಆರು ವರ್ಷ ತೋಡಿದ ಕಂಪನಿಯವರು ಐವತ್ತೈದನೇ ಇಸವಿಯಲ್ಲಿ ಗಂಟುಮೂಟೆ ಕಟ್ಟಿದರು. ಸುರಂಗದಿಂದ ತೆಗೆದ ಬಿಳಿ ಪುಡಿಯ ದಿಬ್ಬವನ್ನು ಎರ್ರಪ್ಪನ ಎರಡೆಕರೆಯ ಮೇಲೆ ಹಾಗೇ ಬಿಟ್ಟುಹೋದರು. ಸುರಂಗದ ಬಾಯಿಂದ ಜಿನುಗುವ ತುಕ್ಕುಬಣ್ಣದ ನೀರು ಅವನ ಬಾವಿಗೂ ಇಳಿಯಿತು. ಅಗೆದವರಿಗೆ ಚಿನ್ನ ಸಿಕ್ಕಿತೋ ಇಲ್ಲವೋ, ಇವನ ಬಾಯಿಗಂತೂ ಮಣ್ಣು ಬಿತ್ತು.

ಆದರೆ ಎರ್ರಪ್ಪ ಹಟಮಾರಿ. ಏಳು ಬೇಸಿಗೆ ಆ ಪುಡಿಯನ್ನು ಗಾಡಿಗೆ ತುಂಬಿ ಸುರಂಗಕ್ಕೇ ವಾಪಸು ಸುರಿದ. ಕೆಟ್ಟ ನೀರು ಬಾವಿಯತ್ತ ಬಾರದಂತೆ ಕಾಲುವೆ ತೋಡಿ, ಜೊಂಡು ಬೆಳೆದ ಗುಂಡಿಗೆ ತಿರುಗಿಸಿದ. ಬತ್ತಿದ ಕೆರೆಯ ಗೋಡುಮಣ್ಣು ತಂದು ಹೊಲಕ್ಕೆ ಹೊಡೆದ, ಹುರುಳಿ ಬಿತ್ತಿ ಹೂ ಬಿಡುತ್ತಲೇ ಉತ್ತು ಮಣ್ಣಿಗೆ ಸೇರಿಸಿದ. ಕೊನೆಗೂ ಬಾವಿಯಲ್ಲಿ ಕಪ್ಪೆ ವಟಗುಟ್ಟಿತು, ಹೊಲದಲ್ಲಿ ಹಿಪ್ಪುನೇರಳೆ ಚಿಗುರಿತು.

ಮನೆಯಲ್ಲಿ ರೇಷ್ಮೆಹುಳ ಸಾಕುವವಳು ಅತ್ತಿಗೆ ಗಂಗುಲಮ್ಮ. ಗಣಿಯ ಧೂಳು ಕೂತ ಸೊಪ್ಪು ತಿಂದು ಒಂದು ಬೆಳೆಯ ಹುಳವೆಲ್ಲ ಸತ್ತದ್ದನ್ನು ಅವಳು ಮರೆತಿರಲಿಲ್ಲ.

"ಒಂದು ತಟ್ಟೆ ಹುಳಕ್ಕೆ ಈ ಸೊಪ್ಪು ಹಾಕಿ ನೋಡಣ. ಹುಳ ಸತ್ರೆ ಮುಗೀತು ಕಣಪ್ಪ, ಆ ಗಣಿಹೊಲಕ್ಕೆ ಜಾಲಿ ಬೀಜ ಚೆಲ್ಲಿಬಿಡಣ. ಸೌದೆಗಾದ್ರೂ ಆಗ್ತದೆ," ಎಂದಳು.

ಅವಳು ಸಂತೆಗೆ ಹೋದ ದಿನ ಎರ್ರಪ್ಪನೇ ಸೊಪ್ಪು ಕೊಯ್ದು ತಂದ. ಎಲೆಯ ಮೇಲೆ ಬೆರಳಾಡಿಸಿದ. ಪುಡಿಯೇನೂ ಇರಲಿಲ್ಲ, ಆದರೂ ಮನಸ್ಸು ತಡೆಯಲಿಲ್ಲ. ಬಾವಿಯ ನೀರಲ್ಲಿ ಎರಡು ಸಲ ತೊಳೆದು, ಪಂಚೆಯಲ್ಲಿ ಒತ್ತಿ ಒರೆಸಿ, ತಟ್ಟೆಗೆ ಹಾಕಿದ. ಹುಳಕ್ಕೆ ಒದ್ದೆ ಸೊಪ್ಪು ಆಗದೆಂಬುದು ಶಿಡ್ಲಘಟ್ಟದ ಸುತ್ತ ಹಾಲು ಕುಡಿಯುವ ಕೂಸಿಗೂ ಗೊತ್ತು. ಭಯದಲ್ಲಿ ಇವನಿಗೆ ಅದೇ ಮರೆತಿತ್ತು.

ಮೂರನೆಯ ದಿನಕ್ಕೆ ಆ ತಟ್ಟೆಯ ಹುಳಗಳೆಲ್ಲ ಸಪ್ಪೆಯಾಗಿ, ಕಪ್ಪಿಟ್ಟು ಸತ್ತವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಗಂಗುಲಮ್ಮ ಬೈಯಲಿಲ್ಲ. ಸತ್ತ ಹುಳಗಳನ್ನು ಹೂತು, ಮೊರದಲ್ಲಿ ಜಾಲಿ ಬೀಜ ತುಂಬಿಕೊಂಡು ಹೊರಟಳು.

ಎರ್ರಪ್ಪನಿಗೆ ತಾನು ಮಾಡಿದ್ದು ಆಗ ಹೊಳೆಯಿತು. ಹೇಳಿದರೆ ಊರೆಲ್ಲ ನಗುತ್ತದೆ. ಹೇಳದಿದ್ದರೆ ಹೊಲ ಹೋಗುತ್ತದೆ.

"ನಿಲ್ಲಿ ಅತ್ಗೆ. ನೆಲದ ತಪ್ಪಲ್ಲ. ನಾನು ಸೊಪ್ಪು ತೊಳೆದುಬಿಟ್ಟೆ."

"ತೊಳೆದ್ಯಾ? ಹುಳದ ಮನೇಲಿ ಹುಟ್ಟಿ ಬೆಳೆದೋನು ನೀನು!"

"ಪುಡಿ ಎಲ್ಲಾದ್ರೂ ಉಳಿದಿದ್ರೆ ಅಂತ ಭಯ ಆಯ್ತು."

"ಏಳು ವರ್ಷ ನಾನು ಆ ನೆಲಾನ ನಂಬಲಿಲ್ಲ, ಸರಿ. ಮೈಮುರಿದು ದುಡಿದ ನೀನೂ ನಂಬಲಿಲ್ವಲ್ಲೋ ಎರ್ರಪ್ಪ," ಎಂದಳು. ಅವನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

ಅವಳು ಮೊರ ಕೆಳಗಿಟ್ಟಳು. ಸೆರಗು ಬಿಗಿದು ತಾನೇ ಹೊಲಕ್ಕೆ ಹೋಗಿ ಎರಡು ಕುಕ್ಕೆ ನೀರು ಸೋಕದ ಸೊಪ್ಪು ಕೊಯ್ದು ತಂದಳು. ಇಲ್ಲಿಯವರೆಗೆ ಬೇರೆ ಹೊಲದ ಸೊಪ್ಪು ತಿಂದು ಉಳಿದಿದ್ದ ಹತ್ತೊಂಬತ್ತು ತಟ್ಟೆಗೂ ಒಂದೊಂದಾಗಿ ಹರಡತೊಡಗಿದಳು.

"ಎಲ್ಲಾ ತಟ್ಟೆಗೂನಾ ಅತ್ಗೆ?" ಎರ್ರಪ್ಪ ಕೇಳಿದ.

"ಮತ್ತಿನ್ನೇನು? ನಮ್ಮ ಹೊಲದ ಸೊಪ್ಪಲ್ವಾ?"

ಎಂಟು ದಿನ ಅವನಿಗೆ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ಹತ್ತೊಂಬತ್ತು ತಟ್ಟೆಯ ಹುಳಗಳೂ ಮೈ ಹೊಳೆದು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿದವು.